ತೆಗೆದ ಮೇಲೆ ಉಳಿದದ್ದು: ಪಿಯೆಜೊ-2 ಇಲ್ಲದ ಇಲಿ ಮತ್ತು ಸ್ಪರ್ಶದ ವಿಜ್ಞಾನ



ಒಂದು ಪ್ರಾಣಿಯ ದೇಹದಿಂದ ಒಂದು ಜೀನನ್ನು ತೆಗೆದುಹಾಕಿದರೆ ಆ ಜೀನ್ ಏನು ಮಾಡುತ್ತಿತ್ತು ಎಂಬುದು ತಿಳಿದುಬಿಡುತ್ತದೆ ಎಂದು ಪಠ್ಯಪುಸ್ತಕಗಳಲ್ಲೂ ಜನಪ್ರಿಯ ವಿಜ್ಞಾನದ ಬರಹಗಳಲ್ಲೂ ಓದುತ್ತೇವೆ. ಅದರಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. 2021ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದ ಮೇಲೆ 'ಸ್ಪರ್ಶದ ಜೀನ್ ಸಿಕ್ಕಿದೆ' ಎಂಬ ಮಾತು ಸಲೀಸಾಗಿ ಓಡಾಡತೊಡಗಿತು. ಪಟಪೂಟಿಯನ್ ಅವರ ತಂಡ ಕಂಡುಹಿಡಿದ ಪಿಯೆಜೊ-2 ಎಂಬ ಜೀನನ್ನು ತೆಗೆದ ಇಲಿಗಳು ಮೃದು ಸ್ಪರ್ಶಕ್ಕೆ ಪ್ರತಿಕ್ರಿಯಿಸುವುದಿಲ್ಲ. ಆದ್ದರಿಂದ ಅದೇ ಸ್ಪರ್ಶದ ಜೀನ್ ಎಂಬುದು ಆ ಮಾತಿನ ಹಿಂದಿನ ತರ್ಕ. ಈ ಉಪನ್ಯಾಸದಲ್ಲಿ ನಾನು ವಾದಿಸಬಯಸುವುದು ಬೇರೆ. ಹೀಗೆ ಜೀನ್ ತೆಗೆದ ನಾಕೌಟ್ ಇಲಿಯಲ್ಲಿ ಕಳೆದುಹೋದ ಶಕ್ತಿಯಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಉಳಿದುಕೊಂಡ ಶಕ್ತಿ ನಮಗೆ ಪಾಠ ಹೇಳುತ್ತದೆ. ಮನೆಯ ಫ್ಯೂಸೊಂದನ್ನು ಕಿತ್ತಾಗ ಯಾವ ದೀಪ ಆರಿತು ಎನ್ನುವುದರ ಜೊತೆಗೆ ಯಾವ ದೀಪ ಉರಿಯುತ್ತಲೇ ಇದೆ ಎಂಬುದನ್ನೂ ನೋಡಿದಾಗಲೇ ವೈರಿಂಗಿನ ನಕ್ಷೆ ಕೈಗೆ ಬರುವುದು. ಪಿಯೆಜೊ-2 ಇಲಿಗಳ ಕಥೆಯನ್ನು ಹೀಗೆ ಓದಿದರೆ, ನಾವು ಸ್ಪರ್ಶ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದು ಬಿಡಿಬಿಡಿಯಾಗಿ ನಡೆಯುವ ಹಲವು ಕೆಲಸಗಳೆಂದು ಗೊತ್ತಾಗುತ್ತದೆ.

ಮೊದಲು ಸಮಸ್ಯೆ ಏನಿತ್ತು ಎಂಬುದನ್ನು ನೋಡೋಣ. 1926ರಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಇಂಗ್ವೆ ಜೊಟರ್ಮನ್ ಒಂಟಿ ನರತಂತುವಿನಿಂದ ಹೊರಡುವ ವಿದ್ಯುತ್ ಸಂಕೇತಗಳನ್ನು ದಾಖಲಿಸಿ, ಚರ್ಮದ ಮೇಲೆ ಬೀಳುವ ಒತ್ತಡ ಹೆಚ್ಚಿದಂತೆ ಸಂಕೇತಗಳ ಆವರ್ತನವೂ ಹೆಚ್ಚುತ್ತದೆ ಎಂದು ತೋರಿಸಿದ್ದರು. ಆದರೆ ಒತ್ತಡ ಎಂಬ ಭೌತಿಕ ಬಲವನ್ನು ವಿದ್ಯುತ್ತಾಗಿ ಬದಲಿಸುವ ಅಣು ಯಾವುದು? ಸಂಕೇತ ಹುಟ್ಟುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಸುತ್ತುಬಳಸಿನ ರಾಸಾಯನಿಕ ಕ್ರಿಯೆಗಳಿಗೆ ಅಷ್ಟು ಹೊತ್ತು ಸಾಲದು. ಹಾಗಾಗಿ ನರದ ತುದಿಯ ಪೊರೆಯಲ್ಲಿ, ಹಿಗ್ಗಿದ ಕೂಡಲೇ ತಾನೇ ತೆರೆದುಕೊಂಡು ಅಯಾನುಗಳನ್ನು ಒಳಗೆ ಬಿಡುವ ಒಂದು ಪ್ರೋಟೀನ್ ಕಾಲುವೆ ಇರಲೇಬೇಕೆಂಬ ಊಹೆ ಬಹಳ ಕಾಲದಿಂದ ಇತ್ತು. ಮೊದಲ ಸುಳಿವು ಕೊಟ್ಟದ್ದು ಒಂದು ಮಿಲಿಮೀಟರ್ ಉದ್ದದ ಸೀ ಎಲಿಗನ್ಸ್ ಎಂಬ ಹುಳು. ಹುಬ್ಬಿನ ಕೂದಲಿನಿಂದ ನವಿರಾಗಿ ಸವರಿದರೂ ಸರಿಯದ ಹುಳುಗಳನ್ನು ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು ಆರಿಸಿ ತೆಗೆದು, ಅವುಗಳಲ್ಲಿ ಕೆಟ್ಟಿರುವ ಜೀನುಗಳನ್ನು ಗುರುತಿಸಿದರು. ಹುಳುವಿನಲ್ಲಿ ಸಿಕ್ಕ ಕಾಲುವೆಗಳ ಬಂಧುಗಳು ಸಸ್ತನಿಗಳಲ್ಲೂ ಇದ್ದವು. ಅವೇ ನಮ್ಮ ಸ್ಪರ್ಶಕ್ಕೂ ಕಾರಣ ಎಂದು ಭಾವಿಸುವುದು ಸಹಜವಾಗಿತ್ತು. 2000ದಲ್ಲಿ ಅಂಥ ಒಂದು ಕಾಲುವೆ, ಈಗ ಆಸಿಕ್-2 ಎಂದು ಕರೆಯುವುದು, ಇಲ್ಲದ ಇಲಿಗಳಲ್ಲಿ ಸ್ಪರ್ಶನರಗಳ ಚುರುಕು ಕಡಿಮೆಯಾಗಿದೆ ಎಂಬ ವರದಿ ಬಂತು. 2004ರಲ್ಲಿ ಮತ್ತೊಂದು ತಂಡ ಅದೇ ಜೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿ, ಚರ್ಮದ ಸ್ಪರ್ಶದಲ್ಲಿ ಕೊರತೆಯೇ ಕಾಣಲಿಲ್ಲ ಎಂದಿತು. ಈ ಭಿನ್ನಾಭಿಪ್ರಾಯಕ್ಕೆ ಮುಂದೆ ಮರಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಮೊದಲ ವರದಿಯನ್ನೇ ಪೂರ್ತಿ ಒಪ್ಪಿಕೊಂಡರೂ ಆ ಇಲಿಗಳಲ್ಲಿ ಸ್ಪರ್ಶದ ಬಹುಭಾಗ ಉಳಿದೇ ಇತ್ತು. ಅಷ್ಟೊಂದು ಉಳಿದಿದೆ ಎಂದಾದರೆ ತೆಗೆದ ವಸ್ತು ಮುಖ್ಯ ಬಾಗಿಲಾಗಿರಲಾರದು.

ಮುಖ್ಯ ಬಾಗಿಲು ಸಿಕ್ಕಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ. ಪಟಪೂಟಿಯನ್ ಅವರ ಪ್ರಯೋಗಾಲಯದ ಬರ್ಟ್ರಾಂಡ್ ಕೋಸ್ಟ್ ಗಾಜಿನ ಸೂಕ್ಷ್ಮ ಕಡ್ಡಿಯಿಂದ ತಿವಿದರೆ ವಿದ್ಯುತ್ ಹರಿಸುವ ಒಂದು ಬಗೆಯ ಇಲಿಕೋಶವನ್ನು ಆರಿಸಿಕೊಂಡರು. ಕಾಲುವೆಯಾಗಿರಬಹುದಾದ ಜೀನುಗಳ ಪಟ್ಟಿ ಮಾಡಿ, ಒಂದೊಂದನ್ನೇ ನಿಷ್ಕ್ರಿಯಗೊಳಿಸಿ, ಪ್ರತಿ ಸಲವೂ ಕೋಶವನ್ನು ತಿವಿದು ನೋಡಿದರು. 72ನೆಯ ಜೀನನ್ನು ಅಡಗಿಸಿದಾಗ ವಿದ್ಯುತ್ ನಿಂತಿತು. ಅದಕ್ಕೆ ಪಿಯೆಜೊ-1 ಎಂದೂ ಅದರ ಜೋಡಿಗೆ ಪಿಯೆಜೊ-2 ಎಂದೂ ಹೆಸರಿಟ್ಟರು. ಇವು ಅಸಾಧಾರಣ ದೊಡ್ಡ ಪ್ರೋಟೀನುಗಳು: ಒಂದೊಂದು ಎಳೆಯಲ್ಲೂ 2500ಕ್ಕಿಂತ ಹೆಚ್ಚು ಅಮೈನೊ ಆಮ್ಲಗಳಿದ್ದು, ಎಳೆ 38 ಬಾರಿ ಕೋಶದ ಪೊರೆಯನ್ನು ಹಾದುಹೋಗುತ್ತದೆ; ಅಂಥ ಮೂರು ಎಳೆಗಳು ಕೂಡಿ ಒಂದು ಕಾಲುವೆ. ಮೂರು ಬಾಗಿದ ರೆಕ್ಕೆಗಳು ಪೊರೆಯನ್ನು ಒಳಕ್ಕೆ ತಗ್ಗಿಸಿ ಹಿಡಿದಿರುತ್ತವೆ. ಪೊರೆ ಬಿಗಿದಾಗ ರೆಕ್ಕೆಗಳು ಚಪ್ಪಟೆಯಾಗಿ ನಡುವಿನ ರಂಧ್ರ ತೆರೆಯುತ್ತದೆ ಎಂಬುದು ಇಂದಿನ ತಿಳಿವಳಿಕೆ. ಸ್ಪರ್ಶದ ಮಟ್ಟಿಗೆ ಮುಖ್ಯವಾದದ್ದು ಪಿಯೆಜೊ-2. ಬೆನ್ನುಹುರಿಯ ಪಕ್ಕದ ಗಂಟುಗಳಲ್ಲಿ ಕುಳಿತು ಚರ್ಮ, ಸ್ನಾಯು, ಕೀಲುಗಳಿಗೆ ತಂತು ಚಾಚಿರುವ ಸಂವೇದನಾ ನರಕೋಶಗಳಲ್ಲಿ ಅದು ಹೇರಳವಾಗಿದೆ.

ಇನ್ನು ಇಲಿಯಲ್ಲಿ ಆ ಜೀನನ್ನು ತೆಗೆದು ನೋಡುವುದೊಂದೇ ಬಾಕಿ ಎನ್ನಿಸಬಹುದು. ಮಾರಿಯೊ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್ ಅವರಿಗೆ 2007ರ ನೊಬೆಲ್ ತಂದುಕೊಟ್ಟ ವಿಧಾನದಿಂದ ಯಾವುದೇ ಜೀನನ್ನು ಭ್ರೂಣದ ಮೂಲಕೋಶದಲ್ಲೇ ಕೆಡಿಸಿ, ಆ ಕೊರತೆಯನ್ನು ಹೊತ್ತ ಇಲಿವಂಶವನ್ನು ಬೆಳೆಸಬಹುದು. ಪಿಯೆಜೊ-2ಕ್ಕೂ ಹಾಗೆ ಮಾಡಿದರು. ದೇಹದ ಎಲ್ಲ ಕೋಶಗಳಲ್ಲೂ ಅದನ್ನು ಕಳೆದುಕೊಂಡ ಮರಿಗಳು ಹುಟ್ಟಿದವು, ಹುಟ್ಟಿದ ಒಂದು ದಿನದೊಳಗೆ ಸತ್ತವು. ಸ್ಪರ್ಶದ ಪ್ರಶ್ನೆಗೆ ಈ ಇಲಿ ಉತ್ತರ ಕೊಡಲಿಲ್ಲ. ಆದರೆ ಯಾರೂ ಕೇಳದಿದ್ದ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು. ಸ್ಪರ್ಶವಿಲ್ಲದೆ ಮರಿ ಯಾಕೆ ಸಾಯಬೇಕು? ಮರಿಗಳಲ್ಲಿ ಕಂಡುಬಂದದ್ದು ಉಸಿರಾಟದ ತೊಂದರೆ. ಸಂವೇದನಾ ನರಗಳಿಂದ ಮಾತ್ರ ಜೀನನ್ನು ತೆಗೆದಾಗಲೂ ಅದೇ ಗತಿಯಾಯಿತು. ಆದ್ದರಿಂದ ದೋಷ ಇದ್ದದ್ದು ಶ್ವಾಸಕೋಶದಲ್ಲಲ್ಲ, ಅದರ ಹಿಗ್ಗುವಿಕೆಯನ್ನು ಮಿದುಳಿಗೆ ತಿಳಿಸುವ ನರದಲ್ಲಿ. ಶ್ವಾಸಕೋಶ ತುಂಬಿದಾಗ ಉಸಿರೆಳೆಯುವುದನ್ನು ತಡೆಯುವ ಹೆರಿಂಗ್-ಬ್ರಾಯರ್ ಪ್ರತಿವರ್ತನೆ ವೈದ್ಯವಿಜ್ಞಾನಕ್ಕೆ ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತು. ಅದರ ಗ್ರಾಹಕ ಪಿಯೆಜೊ-2 ಎಂದು 2017ರಲ್ಲಿ ಸ್ಪಷ್ಟವಾಯಿತು. ಪ್ರಾಯದ ಇಲಿಯಲ್ಲಿ ಜೀನನ್ನು ತೆಗೆದರೆ ಅದು ಬದುಕುತ್ತದೆ, ಆದರೆ ಈ ಪ್ರತಿವರ್ತನೆ ಕೆಡುತ್ತದೆ. ಬೆರಳ ತುದಿಯ ಸ್ಪರ್ಶಕ್ಕೂ ಮೊದಲ ಉಸಿರಿಗೂ ಒಂದೇ ಪ್ರೋಟೀನ್ ಬೇಕು ಎಂದರೆ 'ಸ್ಪರ್ಶದ ಜೀನ್' ಎಂಬ ಹೆಸರು ಆಗಲೇ ಬಿಗಿಯಾಗತೊಡಗಿತು.

ಹಾಗಾದರೆ ಮರಿ ಸಾಯದಂತೆ, ಬೇಕಾದ ಅಂಗದಲ್ಲಿ, ಬೇಕಾದ ಕಾಲದಲ್ಲಿ ಮಾತ್ರ ಜೀನನ್ನು ತೆಗೆಯುವ ದಾರಿ ಬೇಕು. ಅದು ಷರತ್ತುಬದ್ಧ ನಾಕೌಟ್. ಬ್ಯಾಕ್ಟೀರಿಯಾಗಳನ್ನು ಕಾಡುವ ಒಂದು ವೈರಸ್ಸಿನಿಂದ ಎರವಲು ತಂದ ಕ್ರೀ ಎಂಬ ಕಿಣ್ವ, ಲಾಕ್ಸ್-ಪಿ ಎಂಬ 34 ಅಕ್ಷರಗಳ ಡಿಎನ್‌ಎ ಗುರುತನ್ನು ಹುಡುಕಿ, ಎರಡು ಗುರುತುಗಳ ನಡುವಿನ ಭಾಗವನ್ನು ಕತ್ತರಿಸಿ ಎಸೆಯುತ್ತದೆ. ಒಂದು ಇಲಿವಂಶದಲ್ಲಿ ಪಿಯೆಜೊ-2 ಜೀನಿನ ಅಗತ್ಯ ಭಾಗದ ಎರಡೂ ಕಡೆ ಈ ಗುರುತುಗಳನ್ನು ಸೇರಿಸುತ್ತಾರೆ. ಗುರುತುಗಳಿದ್ದರೂ ಜೀನ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ವಂಶದಲ್ಲಿ ಕ್ರೀ ಕಿಣ್ವವನ್ನು ಒಂದು ನಿರ್ದಿಷ್ಟ ಬಗೆಯ ಕೋಶದಲ್ಲಿ ಮಾತ್ರ ತಯಾರಾಗುವಂತೆ ಜೋಡಿಸಿರುತ್ತಾರೆ. ಎರಡು ವಂಶಗಳನ್ನು ಕೂಡಿಸಿದಾಗ ಕೆಲವು ಮರಿಗಳಲ್ಲಿ, ಆ ಬಗೆಯ ಕೋಶಗಳಲ್ಲಿ ಮಾತ್ರ, ಜೀನ್ ಇಲ್ಲವಾಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟಮಾಕ್ಸಿಫೆನ್ ಎಂಬ ಔಷಧ ದೇಹಕ್ಕೆ ಸೇರುವವರೆಗೆ ಕ್ರೀ ಕೋಶಕೇಂದ್ರದ ಹೊರಗೇ ಕಾಯುವಂತೆಯೂ ಮಾಡಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಔಷಧ ಇಲ್ಲಿ ಕಾಲದ ಕೀಲಿಕೈಯಾಗಿದೆ. ನಾನು ಇಂದು ಹೇಳುವ ವಾದವೆಲ್ಲ ಈ ತಂತ್ರದ ಮೇಲೆ ನಿಂತಿದೆ. ಒಂದು ಜೀನಿಗೆ ಒಂದೇ ನಾಕೌಟ್ ಇಲಿ ಎಂಬುದು ಹಳೆಯ ಕಲ್ಪನೆ. ಪಿಯೆಜೊ-2ಕ್ಕೆ ಈಗ ಅನೇಕ ನಾಕೌಟ್ ವಂಶಗಳಿವೆ, ಪ್ರತಿಯೊಂದರಲ್ಲೂ ಕಳೆದದ್ದು ಬೇರೆ, ಉಳಿದದ್ದು ಬೇರೆ.

ಮೆರ್ಕೆಲ್ ಕೋಶಗಳ ವಿಚಾರದಲ್ಲಿ ಈ ವ್ಯತ್ಯಾಸ ಎಷ್ಟು ಹರಿತವಾಗಿ ಕೆಲಸ ಮಾಡಿತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. 1875ರಲ್ಲಿ ಫ್ರೀಡ್ರಿಕ್ ಮೆರ್ಕೆಲ್ ವರ್ಣಿಸಿದ ಈ ಕೋಶಗಳು ನಮ್ಮ ಬೆರಳ ತುದಿಯಲ್ಲೂ ಇಲಿಯ ಮೀಸೆಯ ಬುಡದಲ್ಲೂ ಒತ್ತಾಗಿವೆ. ಪ್ರತಿ ಗುಂಪಿಗೂ ಒಂದು ನರತಂತು ಬಂದು ಸೇರುತ್ತದೆ. ಚರ್ಮವನ್ನು ಒತ್ತಿದಾಗ ಆ ತಂತು ಮೊದಲು ಸಂಕೇತಗಳ ಒಂದು ಸುರಿಮಳೆ ಕಳಿಸುತ್ತದೆ. ಒತ್ತಿ ಹಿಡಿದೇ ಇದ್ದರೆ ನಿಧಾನಗತಿಯಲ್ಲಿ ಸಂಕೇತ ಮುಂದುವರಿಸುತ್ತದೆ. ಅಂಚು, ವಕ್ರತೆ, ನೇಯ್ಗೆಯಂಥ ಸೂಕ್ಷ್ಮ ವಿವರಗಳು ತಿಳಿಯುವುದು ಈ ತಂತುವಿನಿಂದ. ಒತ್ತಡವನ್ನು ಗ್ರಹಿಸುವುದು ಮೆರ್ಕೆಲ್ ಕೋಶವೊ, ನರದ ತುದಿಯೊ ಎಂಬ ವಾದ ನೂರು ವರ್ಷಕ್ಕೂ ಮಿಕ್ಕಿ ಬಗೆಹರಿದಿರಲಿಲ್ಲ. 2014ರಲ್ಲಿ ಸುಂಗ್-ಹ್ಯುನ್ ವೂ ಮತ್ತು ಸಂಗಡಿಗರು ಚರ್ಮದ ಕೋಶಗಳಿಂದ ಮಾತ್ರ ಪಿಯೆಜೊ-2 ತೆಗೆದರು. ನರದಲ್ಲಿ ಅದು ಹಾಗೇ ಇತ್ತು. ಮೆರ್ಕೆಲ್ ಕೋಶಗಳು ಒತ್ತಡಕ್ಕೆ ವಿದ್ಯುತ್ ಹರಿಸುವುದನ್ನು ನಿಲ್ಲಿಸಿದವು. ಒತ್ತಿ ಹಿಡಿದಾಗಿನ ನಿಧಾನ ಸಂಕೇತ ಇಳಿಯಿತು. ಆದರೆ ಆರಂಭದ ಸುರಿಮಳೆ ಬಹುಮಟ್ಟಿಗೆ ಉಳಿಯಿತು, ಇಲಿಯ ವರ್ತನೆಯಲ್ಲೂ ಕೊರತೆ ಸಾಧಾರಣವಾಗಿತ್ತು. ಕಳೆದದ್ದನ್ನು ಮಾತ್ರ ಎಣಿಸಿದ್ದರೆ, ಮೆರ್ಕೆಲ್ ಕೋಶವೇ ಗ್ರಾಹಕ ಎಂದು ಹೇಳಿ ಮುಗಿಸಬಹುದಿತ್ತು. ಉಳಿದ ಆ ಆರಂಭದ ಸುರಿಮಳೆ ಬೇರೆಯದನ್ನು ಹೇಳುತ್ತಿತ್ತು: ನರದ ತುದಿಗೂ ತನ್ನದೇ ಗ್ರಾಹಕ ಇದೆ, ಎರಡೂ ಕೂಡಿ ಕೆಲಸ ಹಂಚಿಕೊಂಡಿವೆ. ನರದ ಆ ಗ್ರಾಹಕ ಯಾವುದು ಎಂಬ ಪ್ರಶ್ನೆ ಹುಟ್ಟಿದ್ದೂ ಉಳಿದ ಭಾಗದಿಂದಲೇ.

ಉತ್ತರ ಅದೇ ವರ್ಷ ಬಂತು. ಸಂಜೀವ್ ರಾನಡೆ ಮತ್ತು ಸಂಗಡಿಗರು ಟಮಾಕ್ಸಿಫೆನ್ ತಂತ್ರದಿಂದ ಪ್ರಾಯದ ಇಲಿಗಳ ಸಂವೇದನಾ ನರಕೋಶ ಮತ್ತು ಮೆರ್ಕೆಲ್ ಕೋಶ ಎರಡರಿಂದಲೂ ಪಿಯೆಜೊ-2 ತೆಗೆದರು. ಈ ಸಲ ಮೃದು ಸ್ಪರ್ಶ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಪಾದಕ್ಕೆ ಹತ್ತಿಯ ಎಳೆ ಸವರಿದರೆ ಸಾಮಾನ್ಯ ಇಲಿ ಕಾಲೆತ್ತುತ್ತದೆ. ಇವು ಬಹುತೇಕ ಸುಮ್ಮನಿದ್ದವು. ಮೃದು ಬಲದ ಎಳೆಗಳಿಂದ ಒತ್ತಿದಾಗಲೂ ಹಾಗೆಯೇ. ಎಳೆಯ ಪರೀಕ್ಷೆಯ ಬಗ್ಗೆ ಒಂದು ಮಾತು: ನಿಗದಿತ ಬಲಕ್ಕೆ ಬಾಗುವ ಕೂದಲಿನಿಂದ ಸ್ಪರ್ಶವನ್ನು ಅಳೆಯುವ ವಿಧಾನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದವರು ಮ್ಯಾಕ್ಸ್ ಫಾನ್ ಫ್ರೈ. ನಮ್ಮ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರ ಅಂಗಾಲಿನ ಸ್ಪರ್ಶ ಉಳಿದಿದೆಯೇ ಎಂದು ನೋಡಲು ಒತ್ತುವ 10 ಗ್ರಾಂ ನೈಲಾನ್ ಎಳೆ, ಕುಷ್ಠರೋಗದಲ್ಲಿ ನರದ ಹಾನಿಯನ್ನು ಅಳೆಯುವ ಬಣ್ಣಬಣ್ಣದ ಎಳೆಗಳು ಅದೇ ವಿಧಾನದ ಇಂದಿನ ರೂಪಗಳು. ಇನ್ನು ಈ ಇಲಿಗಳಲ್ಲಿ ಉಳಿದದ್ದೇನು? ಬಿಸಿಗೂ ತಣ್ಣನೆಗೂ ಅವು ಎಂದಿನಂತೆ ಪ್ರತಿಕ್ರಿಯಿಸಿದವು. ನೋವಾಗುವಂತೆ ಒತ್ತಿದರೆ, ಬಾಲಕ್ಕೆ ಕ್ಲಿಪ್ ಹಾಕಿದರೆ, ತಟ್ಟನೆ ತಿರುಗಿದವು. ಸ್ಪರ್ಶವೂ ಯಾಂತ್ರಿಕ ಬಲದಿಂದ ಆಗುವ ನೋವೂ ಒಂದೇ ಅಳತೆಗೋಲಿನ ಕೆಳತುದಿ ಮೇಲ್ತುದಿಗಳು, ಮೆಲ್ಲಗೆ ಮುಟ್ಟಿದರೆ ಸ್ಪರ್ಶ, ಬಲವಾಗಿ ಒತ್ತಿದರೆ ನೋವು, ಎಂಬ ಕಲ್ಪನೆಗೆ ಈ ಫಲಿತಾಂಶದಿಂದ ಬಲವಾದ ಪೆಟ್ಟು ಬಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಉಳಿದದ್ದನ್ನು ನಂಬುವುದು ಹೇಗೆ? ಒಂದು ಜೀನ್ ಇಲ್ಲದೆ ಬೆಳೆದ ಪ್ರಾಣಿಯಲ್ಲಿ ಬೇರೆ ಜೀನುಗಳು ಆ ಕೆಲಸವನ್ನು ವಹಿಸಿಕೊಳ್ಳಬಹುದು. ಹಾಗಾದರೆ ಉಳಿದದ್ದು ಮೂಲದಲ್ಲಿ ಬೇರೆ ದಾರಿಯದ್ದಲ್ಲ, ಕೊರತೆ ತುಂಬಲು ಹೊಸದಾಗಿ ಹುಟ್ಟಿದ್ದು. ಸಾಮಾನ್ಯ ನಾಕೌಟ್ ಇಲಿಗಳ ವಿಷಯದಲ್ಲಿ ಈ ಆಕ್ಷೇಪವನ್ನು ಒಪ್ಪಲೇಬೇಕು. ಇದಕ್ಕೆ ಇನ್ನೊಂದು ಮುಖವೂ ಇದೆ. ಹಳೆಯ ನಾಕೌಟುಗಳಲ್ಲಿ ಮೂಲಕೋಶ ಒಂದು ತಳಿಯದು, ಮುಂದೆ ಬೆಳೆಸುವುದು ಇನ್ನೊಂದು ತಳಿಯೊಡನೆ. ಹಲವು ತಲೆಮಾರು ಕೂಡಿಸಿದರೂ ಕೆಡಿಸಿದ ಜೀನಿನ ನೆರೆಯಲ್ಲಿ ಮೂಲ ತಳಿಯ ಡಿಎನ್‌ಎ ಉಳಿದಿರುತ್ತದೆ, ಕಂಡ ದೋಷಕ್ಕೆ ಆ ನೆರೆಯ ಜೀನೂ ಕಾರಣವಾಗಿರಬಹುದು. ಆಸಿಕ್-2 ಇಲಿಗಳ ವಿಷಯದಲ್ಲಿ ಎರಡು ತಂಡಗಳು ಎರಡು ಬಗೆಯ ಫಲಿತಾಂಶ ಕಂಡದ್ದು ಇಂಥ ಎಚ್ಚರವನ್ನು ಕಲಿಸುತ್ತದೆ. ಆದರೆ ಪಿಯೆಜೊ-2ರ ಷರತ್ತುಬದ್ಧ ಇಲಿಗಳು ಈ ಆಕ್ಷೇಪಕ್ಕೆ ಬಹುಪಾಲು ಉತ್ತರಿಸುತ್ತವೆ. ರಾನಡೆ ಅವರ ಇಲಿಗಳು ಪ್ರಾಯಕ್ಕೆ ಬರುವವರೆಗೂ ಪಿಯೆಜೊ-2 ಇಟ್ಟುಕೊಂಡೇ ಬೆಳೆದವು. ಔಷಧ ಕೊಟ್ಟ ಮೇಲೆ ಮಾತ್ರ ಅದು ಹೋಯಿತು, ಭ್ರೂಣಕಾಲದ ಹೊಂದಾಣಿಕೆಗೆ ಎಡೆಯಿರಲಿಲ್ಲ. ಹೋಲಿಕೆಗೆ ಇಟ್ಟದ್ದು ಅದೇ ವಂಶದ, ಗುರುತುಗಳಿದ್ದೂ ಕ್ರೀ ಇಲ್ಲದ ಇಲಿಗಳನ್ನು. ನೆರೆಯ ಡಿಎನ್‌ಎ ಎರಡರಲ್ಲೂ ಒಂದೇ. ಈ ತಂತ್ರಕ್ಕೂ ಮಿತಿ ಇದೆ ಎಂಬುದನ್ನು ಮರೆಮಾಚಬಾರದು: ಕ್ರೀ ಎಲ್ಲ ಕೋಶಗಳನ್ನೂ ಮುಟ್ಟುವುದಿಲ್ಲ. ಒಂದಷ್ಟು ನರಗಳಲ್ಲಿ ಪಿಯೆಜೊ-2 ಉಳಿದುಬಿಡುತ್ತದೆ, ಅದರಿಂದ ಬಂದ ಪ್ರತಿಕ್ರಿಯೆಯನ್ನು ಬೇರೆ ದಾರಿಯದೆಂದು ತಪ್ಪಾಗಿ ಓದುವ ಅಪಾಯ ಇದ್ದೇ ಇದೆ. ಅದಕ್ಕೇ ಒಂದು ವಂಶದ ಫಲಿತಾಂಶವನ್ನು ಇನ್ನೊಂದು ಕ್ರೀ ವಂಶದಲ್ಲಿ ಪರೀಕ್ಷಿಸದೆ ತೀರ್ಪು ಕೊಡಬಾರದು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಇಲಿ ಕಾಲೆತ್ತಲಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ಗೊತ್ತಾಗಲಿಲ್ಲ ಎಂದು ಹೇಳಬಹುದೆ? ವರ್ತನೆಯಿಂದ ಅನುಭವಕ್ಕೆ ಜಿಗಿಯುವುದು ಸುಲಭವಲ್ಲ. ಚರ್ಮ ಮತ್ತು ನರವನ್ನು ಹೊರತೆಗೆದು ನೇರವಾಗಿ ಸಂಕೇತ ದಾಖಲಿಸಿದಾಗಲೂ ಕೊರತೆ ಕಂಡಿತು ಎಂಬುದು ಒಂದು ಉತ್ತರ. ಅದಕ್ಕಿಂತ ದೊಡ್ಡ ಉತ್ತರವನ್ನು ಮನುಷ್ಯರೇ ಕೊಟ್ಟರು. 2016ರಲ್ಲಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಲೆಕ್ಸಾಂಡರ್ ಚೆಸ್ಲರ್, ಕಾರ್ಸ್ಟೆನ್ ಬ್ಯೋನೆಮಾನ್ ಮತ್ತು ಸಂಗಡಿಗರು, ಪಿಯೆಜೊ-2ರ ಎರಡೂ ಪ್ರತಿಗಳು ಹುಟ್ಟಿನಿಂದಲೇ ಕೆಟ್ಟಿದ್ದ ಇಬ್ಬರ ವಿವರ ಪ್ರಕಟಿಸಿದರು: ಒಬ್ಬಳು 9 ವರ್ಷದ ಬಾಲಕಿ, ಇನ್ನೊಬ್ಬರು 19 ವರ್ಷದ ಯುವತಿ, ಇಬ್ಬರೂ ಒಂದೇ ಕುಟುಂಬದವರಲ್ಲ. ಬೆರಳಿಗೆ ಇಟ್ಟ ಕಂಪನ ಅವರಿಗೆ ತಿಳಿಯುವುದಿಲ್ಲ. ಬೆರಳ ಕೀಲನ್ನು ಮೇಲಕ್ಕೆ ಬಾಗಿಸಿದರೊ ಕೆಳಕ್ಕೊ ಎಂದು ನೋಡದೆ ಹೇಳಲಾರರು. ನೋಡುತ್ತಾ ನಡೆಯುತ್ತಾರೆ, ಕಣ್ಣು ಕಟ್ಟಿದರೆ ತಡವರಿಸಿ ಬೀಳುವಂತಾಗುತ್ತಾರೆ. ಆದರೆ ಬಿಸಿ, ತಂಪು, ನೋವು ತಿಳಿಯುತ್ತವೆ. ಮುಂಗೈಯ ಕೂದಲಿರುವ ಚರ್ಮವನ್ನು ನವಿರಾಗಿ ಸವರಿದರೆ ಸವರಿದ ಅನುಭವದ ಬದಲು ಮುಳ್ಳುಮುಳ್ಳಾದಂತೆ ಆಗುತ್ತದೆ. ಈ ಕೊನೆಯ ವಿವರವನ್ನು ಯಾವ ಇಲಿಯೂ ನಮಗೆ ಹೇಳಲು ಸಾಧ್ಯವಿರಲಿಲ್ಲ. ಇಲಿಯಲ್ಲಿ ಕಂಡ ನಷ್ಟ ಮತ್ತು ಉಳಿಕೆಯ ನಕ್ಷೆ ಮನುಷ್ಯನ ನಕ್ಷೆಯೊಡನೆ ಇಷ್ಟು ನಿಕಟವಾಗಿ ಹೊಂದಿದ್ದು, ಇಲಿ ಮನುಷ್ಯನಲ್ಲ ಎಂಬ ಸಾಮಾನ್ಯ ಆಕ್ಷೇಪಕ್ಕೂ ಸಮಾಧಾನ. ಒಂದು ಕಡೆ ಮಾತ್ರ ನಕ್ಷೆಗಳು ಕೂಡುವುದಿಲ್ಲ: ಪಿಯೆಜೊ-2 ಪೂರ್ತಿ ಇಲ್ಲದ ಇಲಿಮರಿ ಬದುಕುವುದಿಲ್ಲ, ಮನುಷ್ಯರು ಬದುಕಿದ್ದಾರೆ, ಕೆಲವರಿಗೆ ಹುಟ್ಟಿದಾಗ ಉಸಿರಾಟದ ತೊಂದರೆ ಕಾಣಿಸಿಕೊಂಡಿದ್ದರೂ. ಆ ಅಂತರವನ್ನು ಹಾಗೇ ದಾಖಲಿಸಿಟ್ಟುಕೊಳ್ಳುವುದು ಪ್ರಾಮಾಣಿಕತೆ.

ಇನ್ನೊಂದು ಸಂಗತಿ ಈ ರೋಗಿಗಳಿಂದ ಇಲಿಗಳಿಗೆ ಹಿಮ್ಮುಖವಾಗಿ ಹರಿಯಿತು. ಅವರ ಬೆನ್ನೆಲುಬು ಬಾಗಿತ್ತು, ಸೊಂಟದ ಕೀಲು ಸರಿಯಾಗಿ ರೂಪುಗೊಂಡಿರಲಿಲ್ಲ. ಸಂವೇದನೆಯ ದೋಷದಿಂದ ಮೂಳೆ ಯಾಕೆ ಬಾಗಬೇಕು? ಪಿಯೆಜೊ-2 ಮೂಳೆಯಲ್ಲೇ ಏನೊ ಕೆಲಸ ಮಾಡುತ್ತಿರಬಹುದು ಎಂಬುದು ನೇರ ಊಹೆ. ಕೈಕಾಲುಗಳ ಇರುವಿಕೆಯನ್ನು ತಿಳಿಸುವ ಸ್ನಾಯುನರಗಳಿಗೆ ಪಿಯೆಜೊ-2 ಅತ್ಯಗತ್ಯ ಎಂದು 2015ರಲ್ಲಿ ವೂ ಅವರೇ ತೋರಿಸಿದ್ದರು. ಆ ನರಗಳಿಂದ ಜೀನ್ ತೆಗೆದ ಇಲಿಗಳ ಕಾಲುಗಳು ಅಡ್ಡಾದಿಡ್ಡಿಯಾಗಿ ಚಾಚಿಕೊಳ್ಳುತ್ತಿದ್ದವು. 2020ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಒಂದು ಇಲಿವಂಶದಲ್ಲಿ ಮೂಳೆಯ ಕೋಶಗಳಿಂದ, ಇನ್ನೊಂದರಲ್ಲಿ ಸ್ನಾಯುಸ್ಥಿತಿ ತಿಳಿಸುವ ನರಗಳಿಂದ ಪಿಯೆಜೊ-2 ತೆಗೆಯಿತು. ಮೊದಲನೆಯದರಲ್ಲಿ ಬೆನ್ನು ನೆಟ್ಟಗೇ ಉಳಿಯಿತು. ಎರಡನೆಯದರಲ್ಲಿ ಬೆನ್ನು ಬಾಗಿತು, ಸೊಂಟದ ಕೀಲು ಕೆಟ್ಟಿತು. ಮೊದಲ ಇಲಿಯ ನೆಟ್ಟಗಿನ ಬೆನ್ನು ಇಲ್ಲಿ ನಿರ್ಣಾಯಕ ಸಾಕ್ಷ್ಯ. ದೇಹ ತನ್ನ ಭಂಗಿಯನ್ನು ತಾನು ಗ್ರಹಿಸುತ್ತಿದ್ದರೆ ಮಾತ್ರ ಬೆಳೆಯುವ ಬೆನ್ನೆಲುಬು ನೆಟ್ಟಗೆ ನಿಲ್ಲುತ್ತದೆ ಎಂಬ ಅರಿವು, ಕಾರಣ ತಿಳಿಯದ ಬೆನ್ನುಬಾಗಿನಿಂದ ನರಳುವ ಹದಿಹರೆಯದ ಮಕ್ಕಳ ಚಿಕಿತ್ಸೆಯ ಚಿಂತನೆಯಲ್ಲಿ ದೊಡ್ಡ ಸ್ಥಾನ ಪಡೆಯಬೇಕಾದದ್ದು ಎಂದು ನಾನು ನಂಬುತ್ತೇನೆ.

ನೋವಿನ ವಿಚಾರಕ್ಕೆ ಬಂದರೆ ದಾರಿ ಇಷ್ಟು ನೇರವಾಗಿಲ್ಲ. ರಾನಡೆ ಅವರ ಇಲಿಗಳಲ್ಲಿ ಒತ್ತಡದ ನೋವು ಉಳಿದಿತ್ತು. 2018ರಲ್ಲಿ ಶ್ವೇತಾ ಮೂರ್ತಿ ಮತ್ತು ಸಂಗಡಿಗರು ದೇಹದ ಹಿಂಭಾಗದ ನರಗಳಿಂದ ಮಾತ್ರ, ಭ್ರೂಣಕಾಲದಿಂದಲೇ, ಪಿಯೆಜೊ-2 ತೆಗೆಯುವ ಬೇರೊಂದು ಕ್ರೀ ವಂಶ ಬಳಸಿದಾಗ ನೋವಿನ ಪ್ರತಿಕ್ರಿಯೆಯೂ ತಗ್ಗಿತು, ನೋವಿನ ನರಗಳ ಸಂಕೇತವೂ ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. 2019ರಲ್ಲಿ ಇನ್ನೊಂದು ತಂಡ ಪಿಯೆಜೊ-2 ಇಲ್ಲದಾಗ ತೀವ್ರ ಒತ್ತಡದ ನೋವು ಹೆಚ್ಚುತ್ತದೆ, ಅಂದರೆ ಸ್ಪರ್ಶ ನೋವನ್ನು ಅಡಗಿಸುತ್ತಿತ್ತು ಎಂದು ವಾದಿಸಿತು. ಒಂದೇ ಜೀನ್, ಮೂರು ಉತ್ತರ. ಇದನ್ನು ಮುಂದಿಟ್ಟು ಇಡೀ ವಿಧಾನವೇ ನಂಬಿಕೆಗೆ ತಕ್ಕದ್ದಲ್ಲ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೂರು ಇಲಿಗಳಲ್ಲಿ ಜೀನ್ ಹೋದ ಕೋಶಗಳು ಬೇರೆ, ಹೋದ ಕಾಲವೂ ಬೇರೆ. ನೊಂದ ಜಾಗವನ್ನು ಮೆಲ್ಲಗೆ ಉಜ್ಜಿದರೆ ನೋವು ಕಡಿಮೆಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಸ್ಪರ್ಶನರ ನೋವನ್ನು ತಡೆಯುತ್ತದೆ, ನೋವಿನ ನರದಲ್ಲೂ ಪಿಯೆಜೊ-2 ತುಸು ಕೆಲಸ ಮಾಡುತ್ತದೆ ಎಂದಾದರೆ, ಯಾವ ನರದಿಂದ ಎಷ್ಟು ತೆಗೆದೆವು ಎಂಬುದರ ಮೇಲೆ ಒಟ್ಟು ಫಲ ಏರಬಹುದು, ಇಳಿಯಬಹುದು, ಸಮವಾಗಿಯೂ ಇರಬಹುದು. ಮೂರರಲ್ಲೂ ಸಮಾನವಾದದ್ದು ಒಂದಿದೆ: ಪಿಯೆಜೊ-2 ಇಲ್ಲದೆಯೂ ಬಲವಾದ ಒತ್ತಡ ನೋವಾಗಿ ತಿಳಿಯುತ್ತದೆ. ಇನ್ನೊಂದು ವಿಷಯದಲ್ಲಿ ಇಲಿಗಳೂ ಮನುಷ್ಯರೂ ಒಂದೇ ಉತ್ತರ ಕೊಟ್ಟವು. ಮೆಣಸಿನಕಾಯಿಯ ಖಾರದ ಸಾರವಾದ ಕ್ಯಾಪ್ಸೈಸಿನನ್ನು ಚರ್ಮಕ್ಕೆ ಹಾಕಿದರೆ ಉರಿಯ ಸುತ್ತಲಿನ ಚರ್ಮದಲ್ಲಿ ಮೆಲ್ಲನೆಯ ಸವರಿಕೆಯೂ ನೋಯಿಸತೊಡಗುತ್ತದೆ. ಪಿಯೆಜೊ-2 ಇಲ್ಲದ ಇಲಿಗಳಲ್ಲಿ, ಅದೇ ಕೊರತೆಯ ರೋಗಿಗಳಲ್ಲಿ, ಹೀಗಾಗಲಿಲ್ಲ. ಬಟ್ಟೆ ತಾಗಿದರೂ ಉರಿಯುವ ನರನೋವಿನ ರೋಗಿಗಳಿಗೆ ಇದರಲ್ಲಿ ನಿಜವಾದ ಭರವಸೆ ಇದೆ.

ಸ್ಪರ್ಶದೊಳಗೂ ಪಿಯೆಜೊ-2 ಒಂದೇ ಅಲ್ಲ ಎಂಬುದಕ್ಕೆ ಸಾಕ್ಷ್ಯ ಬರುತ್ತಲೇ ಇದೆ. ಆಳವಾದ, ನೋವಿಲ್ಲದ ಒತ್ತಡ ಪಿಯೆಜೊ-2 ಕೊರತೆಯ ರೋಗಿಗಳಿಗೆ ತಿಳಿಯುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು. 2024ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಡೆಲ್‌ಬ್ರುಕ್ ಕೇಂದ್ರದ ಗ್ಯಾರಿ ಲೆವಿನ್ ಅವರ ತಂಡ ಎಲ್ಕಿನ್-1 ಎಂಬ ಬೇರೊಂದು ಕಾಲುವೆ ಇಲ್ಲದ ಇಲಿಗಳಲ್ಲಿ ಮೃದು ಸ್ಪರ್ಶದ ನರಗಳ ಸುಮಾರು ಅರ್ಧದಷ್ಟು ಒತ್ತಡಕ್ಕೆ ಸ್ಪಂದಿಸುವುದಿಲ್ಲ ಎಂದು ತೋರಿಸಿತು. ಆ ಇಲಿಗಳಲ್ಲಿ ಪಿಯೆಜೊ-2 ಇದ್ದೇ ಇತ್ತು. ಒಂದನ್ನು ತೆಗೆದಾಗಲೂ ದೊಡ್ಡ ನಷ್ಟ, ಇನ್ನೊಂದನ್ನು ತೆಗೆದಾಗಲೂ ದೊಡ್ಡ ನಷ್ಟ ಎಂದರೆ ನಷ್ಟದ ಲೆಕ್ಕದಿಂದ ಯಾರು ಮುಖ್ಯರು ಎಂದು ತೀರ್ಮಾನಿಸಲಾಗದು. ಒಂದು ಹೋದಾಗ ಇನ್ನೊಂದು ಏನನ್ನು ಉಳಿಸಿಕೊಟ್ಟಿತು ಎಂದು ನರದಿಂದ ನರಕ್ಕೆ ಅಳೆಯಬೇಕಾಗುತ್ತದೆ.

ಇಷ್ಟೆಲ್ಲದಕ್ಕೆ ಇಲಿಗಳು ತೆರುವ ಬೆಲೆ ಏನು ಎಂಬ ಪ್ರಶ್ನೆಯನ್ನು ಬದಿಗೆ ಸರಿಸಿ ಹೋಗಲಾರೆ. ಎರಡು ವಂಶಗಳನ್ನು ಕೂಡಿಸಿದಾಗ, ಎಷ್ಟೇ ಜಾಣತನದಿಂದ ಜೋಡಿ ಮಾಡಿದರೂ, ಬೇಕಾದ ಸಂಯೋಜನೆ ಸಾಮಾನ್ಯವಾಗಿ ಮರಿಗಳಲ್ಲಿ ಒಂದು ಭಾಗಕ್ಕೆ ಮಾತ್ರ ಬರುತ್ತದೆ. ಒಡಹುಟ್ಟಿದವುಗಳಲ್ಲಿ ಕೆಲವು ಹೋಲಿಕೆಗೆ ಒದಗುತ್ತವೆ, ಉಳಿದವು ಯಾವ ಲೆಕ್ಕಕ್ಕೂ ಸಿಗದೆ ಕೊನೆಯಾಗುತ್ತವೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಪ್ರಯೋಗ ನಡೆಸುವಂತಿಲ್ಲ. ಬದಲಿ ದಾರಿ ಇದ್ದರೆ ಅದನ್ನೇ ಹಿಡಿ, ಸಂಖ್ಯೆ ತಗ್ಗಿಸು, ನೋವು ತಗ್ಗಿಸು ಎಂದು ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ತತ್ತ್ವವೇ ಲೋಕದ ಎಲ್ಲೆಡೆ ಅಳತೆಗೋಲು. ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರೆ ಸಾಲದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: 72ನೆಯ ಜೀನನ್ನು ಹುಡುಕಿದ್ದು ತಟ್ಟೆಯ ಕೋಶಗಳಲ್ಲೇ, ಅಲ್ಲಿಯವರೆಗೆ ಇಲಿ ಬೇಕಾಗಲಿಲ್ಲ. ಆದರೆ ಅದೇ ಪ್ರೋಟೀನ್ ಮೊದಲ ಉಸಿರಿಗೂ ಬೆನ್ನೆಲುಬಿನ ನೇರಕ್ಕೂ ಬೇಕು ಎಂಬುದು ಇಡೀ ದೇಹ ಇದ್ದಲ್ಲಿ ಮಾತ್ರ ಕಾಣಿಸುವ ಸತ್ಯ. ಉಳಿದದ್ದನ್ನು ಓದದೆ, ಒಂದು ಕೊರತೆಯನ್ನು ಹಿಡಿದು ಅವಸರದಲ್ಲಿ ಹೆಸರಿಟ್ಟು ಮುಂದಕ್ಕೆ ಹೋಗುವ ಪ್ರಯೋಗಗಳು ಪ್ರಾಣಿಗಳ ಜೀವವನ್ನು ಅರ್ಧ ವ್ಯರ್ಥ ಮಾಡುತ್ತವೆ ಎಂಬುದೂ ಇದೇ ಕಾರಣಕ್ಕೆ ನನ್ನ ದೃಢ ಅಭಿಪ್ರಾಯ.

ಈ ಓದಿನ ಪರಿಣಾಮ ಔಷಧದ ಆಲೋಚನೆಯಲ್ಲಿ ನೇರವಾಗಿ ಕಾಣುತ್ತದೆ. ಸವರಿದರೆ ನೋಯುವ ರೋಗಿಗೆ ಪಿಯೆಜೊ-2 ಕಾಲುವೆಯನ್ನು ಮುಚ್ಚುವ ಗುಳಿಗೆ ಕೊಡೋಣವೆಂದರೆ, ಬೇರೆ ಇಲಿವಂಶಗಳು ಅಡ್ಡ ಬರುತ್ತವೆ: ಉಸಿರಾಟದ ಪ್ರತಿವರ್ತನೆ ಕೆಟ್ಟೀತು, ಕಣ್ಣು ಮುಚ್ಚಿದರೆ ನಡೆಯಲಾಗದೀತು, ಮೂತ್ರಕೋಶ ತುಂಬಿದ್ದು ತಿಳಿಯದೀತು. ಮೂತ್ರಕೋಶದ ಹಿಗ್ಗುವಿಕೆಗೂ ಪಿಯೆಜೊ-2 ಬೇಕೆಂದು 2020ರಲ್ಲಿ ಇಲಿಗಳಲ್ಲೂ ರೋಗಿಗಳಲ್ಲೂ ತೋರಿಸಲಾಗಿದೆ. ಆದ್ದರಿಂದ ಅಂಥ ಔಷಧ ಬಂದರೆ ನೊಂದ ಚರ್ಮಕ್ಕೆ ಹಚ್ಚುವ ಮುಲಾಮಾಗಿ ಬರಬೇಕೇ ಹೊರತು ರಕ್ತದಲ್ಲಿ ಎಲ್ಲೆಡೆ ಹರಿಯುವ ಗುಳಿಗೆಯಾಗಿ ಅಲ್ಲ. ಇನ್ನು ಮುರಿದ ಮೂಳೆ, ಶಸ್ತ್ರಚಿಕಿತ್ಸೆಯ ಗಾಯ, ಕೀಲಿನ ಮೇಲಿನ ಭಾರ ಕೊಡುವ ಒತ್ತಡದ ನೋವಿಗೆ ಪಿಯೆಜೊ-2ನ್ನು ಮುಚ್ಚಿ ಹೆಚ್ಚು ಪ್ರಯೋಜನವಾಗದು, ಏಕೆಂದರೆ ಆ ನೋವಿನ ಮುಖ್ಯ ಬಾಗಿಲು ಬೇರೆ. ಆ ಬಾಗಿಲಿನ ಹೆಸರು ಇನ್ನೂ ಖಚಿತವಾಗಿಲ್ಲ. ಕೆಲವು ಪ್ರೋಟೀನುಗಳ ಹೆಸರು ಮುಂದೆ ಬಂದು, ಬೇರೆ ತಂಡಗಳ ಪರೀಕ್ಷೆಯಲ್ಲಿ ನಿಲ್ಲದೆ ಹಿಂದೆ ಸರಿದಿವೆ. ಅದನ್ನು ಹುಡುಕಲು ಪಿಯೆಜೊ-2 ಇಲ್ಲದ ಇಲಿಯ ನೋವಿನ ನರಕೋಶಗಳೇ ತಕ್ಕ ಜಾಗ. ಸಾಮಾನ್ಯ ಇಲಿಯ ನರಕೋಶವನ್ನು ತಿವಿದಾಗ ಪಿಯೆಜೊ-2ರ ಚುರುಕಾದ ವಿದ್ಯುತ್ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ಈ ಇಲಿಯ ಕೋಶದಲ್ಲಿ ಆ ಮುಸುಕು ಇಲ್ಲ. ಅಲ್ಲಿ ತಿವಿತಕ್ಕೆ ನಿಧಾನವಾಗಿ ಇಳಿಯುವ ಒಂದು ವಿದ್ಯುತ್ತು ಇನ್ನೂ ಹರಿಯುತ್ತದೆ. 2010ರಲ್ಲಿ ಕೋಸ್ಟ್ ಮಾಡಿದಂತೆ ಒಂದೊಂದೇ ಜೀನನ್ನು ಅಡಗಿಸುತ್ತ ಆ ವಿದ್ಯುತ್ತು ಯಾವಾಗ ನಿಲ್ಲುತ್ತದೆ ಎಂದು ನೋಡುವ ಕೆಲಸ ಬಾಕಿ ಇದೆ.